ಹೊಡೆದು ಹಾಕಿದ ಎರಡು ಪುಟ

ಕೇಲಿ–ಹ್ಯಾಮಿಲ್ಟನ್ ಪ್ರಮೇಯ ಹೇಳಿಕೊಟ್ಟ ಭಾನುವಾರ ಗಂಗಾಂಬಿಕಾ ಕ್ಲಾಸಿಗೆ ಹೋಗಿರಲಿಲ್ಲ. ಬಸುರಿ ನಾದಿನಿಯ ಕುಬುಸದ ಕಾರ್ಯವಿತ್ತು, ಹಿರಿ ಸೊಸೆ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಾಚಿಕೆಯ ಸಂಗತಿ ಶುರುವಾದದ್ದು ಮುಂದಿನ ಭಾನುವಾರ, ಹೋದ ವಾರ ಏನು ಹೇಳಿಕೊಟ್ಟರು ಎಂದು ಯಾರನ್ನೂ ಕೇಳದೆ ಅವಳು ಸುಮ್ಮನೆ ಕುಳಿತಾಗ.

ಕೇಳಬೇಕೆಂದರೆ ಚಂದನಾಳನ್ನು ಕೇಳಬೇಕಾಗಿತ್ತು. ಕೊಟ್ಟೂರಿನ ಒಂದು ಕಾಲೇಜಿನ ಮಾಳಿಗೆಯ ಕೋಣೆಯಲ್ಲಿ ವಾರಕ್ಕೊಮ್ಮೆ ಸೇರುತ್ತಿದ್ದ ಏಳು ಜನರಲ್ಲಿ ಪೂರ್ತಿ ನೋಟ್ಸ್ ಬರೆದುಕೊಳ್ಳುತ್ತಿದ್ದವಳು ಅವಳೊಬ್ಬಳೇ. ಅದು ಎರಡು ಸಾವಿರದ ಒಂದನೇ ಇಸವಿ. ಎಲ್ಲರೂ ಗಣಿತದಲ್ಲಿ ಎಂ.ಎಸ್ಸಿ.ಗೆ ಹೊರಗಿನಿಂದ ಕಟ್ಟಿಕೊಂಡವರು. ವಿಶ್ವವಿದ್ಯಾಲಯ ನೇಮಿಸಿದ ಏಕಾಂತಪ್ಪ ಸರ್ ಹರಪನಹಳ್ಳಿಯಿಂದ ಬಸ್ಸಿನಲ್ಲಿ ಬಂದು ಪಾಠ ಮಾಡಿ ಹೋಗುತ್ತಿದ್ದರು. ಲೀನಿಯರ್ ಆಲ್ಜೀಬ್ರಾಕ್ಕೆ ಪಠ್ಯಪುಸ್ತಕ ಎಂದರೆ ಪೇಪರಿನ ರಟ್ಟು ಹಾಕಿದ ಅವರದೇ ಪ್ರತಿ. ಬೇರೆ ಪ್ರತಿ ಐದು ತಾಲೂಕಿನಲ್ಲಿ ಎಲ್ಲಿಯೂ ಇರಲಿಲ್ಲ.

ಚಂದನಾ ಕೋಗಳಿಯ ಹುಡುಗಿ. ಇಪ್ಪತ್ತೆರಡು ವಯಸ್ಸು. ತಂದೆ ಪಾಲಾಕ್ಷಪ್ಪನಿಗೆ ಕುರಿ ಬಿಟ್ಟರೆ ಬೇರೆ ಬದುಕಿಲ್ಲ. ಗಂಗಾಂಬಿಕಾ ಕೊಟ್ಟೂರಿನ ದೊಡ್ಡ ಅಂಗಡಿ ಮನೆತನದ ಸೊಸೆ, ಮೂವತ್ತೊಂದು ದಾಟಿದವಳು, ಹೈಸ್ಕೂಲಿನಲ್ಲಿ ಒಂಬತ್ತು ವರ್ಷದಿಂದ ಗಣಿತ ಕಲಿಸುತ್ತಿದ್ದವಳು. ಕ್ಲಾಸಿನಲ್ಲಿ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು, ಸರ್ ಕೂಡ. ಚಂದನಾ ಮಾತ್ರ ಅಕ್ಕಾ ಎನ್ನುತ್ತಿದ್ದಳು. ಕುರಿಯವರ ಹುಡುಗಿಯ ಮುಂದೆ ‘ನನಗೆ ತಿಳಿದಿಲ್ಲ, ತೋರಿಸು’ ಎನ್ನಲು ಗಂಗಾಂಬಿಕಾಳ ನಾಲಿಗೆ ಏಳಲಿಲ್ಲ. ‘ಕುರಿಯವರ ಹುಡುಗಿ’ ಎಂದು ತಾನು ಮನಸ್ಸಿನೊಳಗೆ ಅಂದುಕೊಂಡದ್ದು ಅವಳಿಗೆ ಆಗ ಗೊತ್ತಾಗಲಿಲ್ಲ. ಆಮೇಲೆ ಗೊತ್ತಾಯಿತು.

ಆ ಗುಂಪಿನದೊಂದು ಪದ್ಧತಿ ಇತ್ತು. ಮೂರು ತಿಂಗಳಿಗೊಮ್ಮೆ ಸರ್ ಹತ್ತು ಪ್ರಶ್ನೆ ಕೊಡುತ್ತಿದ್ದರು, ಮನೆಯಲ್ಲಿ ಉತ್ತರ ಬರೆದು ತರಬೇಕು, ಅದಕ್ಕೆ ಇಪ್ಪತ್ತೈದು ಅಂಕ. ಬರೆಯುತ್ತಿದ್ದವಳು ಗಂಗಾಂಬಿಕಾ. ಉಳಿದವರು ಒಪ್ಪಿಸುವ ದಿನ ಬೆಳಿಗ್ಗೆ ಒಂಬತ್ತಕ್ಕೇ ಬಂದು ಅವಳ ಹಾಳೆಗಳ ಸುತ್ತ ಮುಗಿಬಿದ್ದು ನಕಲು ಮಾಡುತ್ತಿದ್ದರು. ಕೂಡ್ಲಿಗಿಯ ಪ್ರವೀಣಕುಮಾರ್ ಮಾತ್ರ ತನ್ನದು ನಕಲಲ್ಲ ಎಂದು ವಾದಿಸುತ್ತಿದ್ದ. ಗಂಗಾಂಬಿಕಾ ‘ಹೆನ್ಸ್’ ಎಂದು ಬರೆದಲ್ಲೆಲ್ಲ ಅವನು ‘ದೇರ್‌ಫೋರ್’ ಎಂದು ಬರೆಯುತ್ತಿದ್ದ. ಚಂದನಾ ತನ್ನದನ್ನು ತಾನೇ ಬರೆದು ತಂದು, ಕೊನೆಗೊಮ್ಮೆ ಮೇಡಂ ಉತ್ತರದ ಜೊತೆ ತಾಳೆ ನೋಡುತ್ತಿದ್ದಳು. ಅಷ್ಟೇ.

ಈ ಸಲ ಪ್ರಶ್ನೆ ಕೊಡುವಾಗ ಸರ್ ಇನ್ನೊಂದು ಮಾತು ಹೇಳಿದ್ದರು. ಬೇಸಿಗೆಯಲ್ಲಿ ಧಾರವಾಡದಲ್ಲಿ ಒಂದು ತಿಂಗಳ ಗಣಿತ ಶಿಬಿರ, ಊಟ ವಸತಿ ಅವರದೇ. ಈ ಗುಂಪಿನಿಂದ ಒಬ್ಬರ ಹೆಸರು ಕಳಿಸಬಹುದು. “ಉತ್ತರ ನೋಡಿ ಕಳಿಸ್ತೀನಿ,” ಎಂದಿದ್ದರು. ಗಂಗಾಂಬಿಕಾಳಿಗೆ ಮನೆ ಬಿಟ್ಟು ತಿಂಗಳು ಹೋಗುವ ಮಾತೇ ಇರಲಿಲ್ಲ. ಆದರೆ ಚಂದನಾಳ ಮುಖ ಆವತ್ತೇ ಬೇರೆಯಾಗಿತ್ತು.

“ಅಕ್ಕಾ, ಅಲ್ಲಿ ಗಣಿತದ್ದೇ ಒಂದು ಬ್ಯಾರೆ ಲೈಬ್ರರಿ ಐತಂತ್ರಿ,” ಎಂದಿದ್ದಳು ಮೆಟ್ಟಿಲಿಳಿಯುವಾಗ. “ಪುಸ್ತಕ ನಾವಾ ಕೈಯಾಗ ಹಿಡದು ನೋಡಬಹುದಂತ.”

ಹತ್ತು ಪ್ರಶ್ನೆಯಲ್ಲಿ ಏಳನೆಯದು ಕೇಲಿ–ಹ್ಯಾಮಿಲ್ಟನ್. ಪ್ರಮೇಯ ಹೇಳುವುದು ಇಷ್ಟು: ಸಂಖ್ಯೆಗಳನ್ನು ಅಡ್ಡ ಉದ್ದ ಸಮನಾಗಿ ಜೋಡಿಸಿದ ಯಾವುದೇ ಮ್ಯಾಟ್ರಿಕ್ಸಿಗೂ ತನ್ನದೇ ಒಂದು ಸಮೀಕರಣ ಇರುತ್ತದೆ, ಆ ಸಮೀಕರಣದೊಳಗೆ ಅದೇ ಮ್ಯಾಟ್ರಿಕ್ಸನ್ನು ತಂದು ಕೂರಿಸಿದರೆ ಎಲ್ಲವೂ ಸೊನ್ನೆಯಾಗುತ್ತದೆ. ಗಂಗಾಂಬಿಕಾ ಅಡುಗೆಮನೆಯ ಕೆಲಸ ಮುಗಿಸಿ ಮೂರು ದಿನ ಅದರ ಮುಂದೆ ಕುಳಿತಳು. ಸಮೀಕರಣ ಹುಟ್ಟುವುದು ‘ಲ್ಯಾಮ್ಡಾ ಐ ಮೈನಸ್ ಎ’ ಎಂಬುದರ ಡಿಟರ್ಮಿನಂಟಿನಿಂದ. ಎ ಎಂದರೆ ಆ ಮ್ಯಾಟ್ರಿಕ್ಸ್, ಐ ಎಂದರೆ ಒಂದರ ಬದಲು ನಿಲ್ಲುವ ಮ್ಯಾಟ್ರಿಕ್ಸ್, ಡಿಟರ್ಮಿನಂಟ್ ಎಂದರೆ ಮ್ಯಾಟ್ರಿಕ್ಸಿನಿಂದ ಲೆಕ್ಕ ಹಾಕಿ ತೆಗೆಯುವ ಒಂದು ಸಂಖ್ಯೆ. ನಾಲ್ಕನೆಯ ದಿನ ಅವಳಿಗೆ ಥಟ್ಟನೆ ಹೊಳೆಯಿತು. ಲ್ಯಾಮ್ಡಾ ಇದ್ದ ಜಾಗದಲ್ಲಿ ಎ ಹಾಕಿಬಿಟ್ಟರೆ? ಎ ಮೈನಸ್ ಎ, ಸೊನ್ನೆ. ಸೊನ್ನೆಯ ಡಿಟರ್ಮಿನಂಟ್ ಸೊನ್ನೆ. ಮುಗಿಯಿತು!

ಒಂದೇ ಸಾಲು. ಅವಳಿಗೆ ಖುಷಿಯಾಯಿತು. ಖುಷಿಯ ಹಿಂದೆಯೇ ಒಂದು ಪ್ರಶ್ನೆಯೂ ಬಂತು: ಇಷ್ಟು ಸುಲಭವಾಗಿದ್ದರೆ ಇದಕ್ಕೆ ಇಬ್ಬರ ಹೆಸರು ಯಾಕೆ ಇಟ್ಟರು? ಬೇಳೆಯಲ್ಲಿನ ಕಲ್ಲು ಅವಳ ಕಣ್ಣು ತಪ್ಪಿಸಿಕೊಂಡದ್ದೇ ಇಲ್ಲ. ಇದನ್ನು ಮಾತ್ರ ಕಂಡೂ ಕಾಣದವಳಂತೆ ಹಾಳೆ ಮಗುಚಿ ಎಂಟನೇ ಪ್ರಶ್ನೆಗೆ ಹೋದಳು.

ಒಪ್ಪಿಸುವ ಭಾನುವಾರ ಬೆಳಿಗ್ಗೆ ಎಲ್ಲರೂ ನಕಲಿಗೆ ಕುಳಿತಿದ್ದಾಗ ಚಂದನಾ ಅವಳನ್ನು ಹೊರಗೆ ಮೆಟ್ಟಿಲ ಹತ್ತಿರ ಕರೆದಳು. ಕೈಯಲ್ಲಿ ತನ್ನ ಹಾಳೆಗಳಿದ್ದವು.

“ಅಕ್ಕಾ, ಏಳನೇದು ನಂದು ಎರಡು ಪುಟ ಆಗೈತ್ರಿ. ನಿಮ್ದು ಒಂದಾ ಸಾಲು. ನಂದೇನರ ತಪ್ಪೈತೇನ್ರಿ?”

ಗಂಗಾಂಬಿಕಾ ಆ ಎರಡು ಪುಟ ನೋಡಿದಳು. ಅಡ್ಜಾಯಿಂಟ್ ಎಂಬ ಜೊತೆ ಮ್ಯಾಟ್ರಿಕ್ಸ್ ತೆಗೆದುಕೊಂಡು, ಅದನ್ನು ಲ್ಯಾಮ್ಡಾದ ಘಾತಗಳಾಗಿ ಬಿಡಿಸಿ, ಒಂದೊಂದು ಗುಣಾಂಕವನ್ನೂ ಹೊಂದಿಸಿ, ಒಂದೊಂದು ಸಾಲನ್ನೂ ಎ ಯ ಒಂದೊಂದು ಘಾತದಿಂದ ಗುಣಿಸಿ ಕೂಡಿಸಿದಾಗ ಎಲ್ಲವೂ ಒಂದಕ್ಕೊಂದು ಹೊಡೆದುಹೋಗುವ ಲೆಕ್ಕ. ಅರ್ಧದಲ್ಲೇ ಅವಳಿಗೆ ತಿಳಿಯಿತು, ಇದೇ ಪ್ರಮೇಯದ ನಿಜವಾದ ಪ್ರೂಫ್ ಎಂದು. ಪೂರ್ತಿ ಅರ್ಥವಾಗಿ ತಿಳಿದದ್ದಲ್ಲ. ನೆಲ ತೋಯ್ದಿದ್ದು ಕಾಲಿಗೆ ತಿಳಿಯುತ್ತದಲ್ಲ, ಹಾಗೆ.

ಒಳಗಿನಿಂದ ಪ್ರವೀಣಕುಮಾರ್ ಕೂಗುತ್ತಿದ್ದ. “ಮೇಡಮ್ಮಾರ, ಏಳನೇದು ಭಾರಿ ಚಲೋ ಬರದೀರಿ! ಕೈ ನೋಯಂಗಿಲ್ಲ ಏನಿಲ್ಲ!”

“ತಪ್ಪಲ್ಲ,” ಎಂದಳು ಗಂಗಾಂಬಿಕಾ. “ಅದು ಉದ್ದನ್ನ ದಾರಿ. ಕ್ಲಾಸಿನ್ಯಾಗ ಹಂಗ ಹೇಳ್ತಾರ. ಎಂ.ಎಸ್ಸಿ.ಗೆ ಇಷ್ಟುದ್ದ ಬರದ್ರ ತಿಳೀದ ಬರದಾರ ಅಂತ ಅನಕೋತಾರ.”

“ಹಂಗಾದ್ರ ತಗದು ಹಾಕ್ಲೇನ್ರಿ?”

“ತಗದು ಹಾಕು.”

ಚಂದನಾ ಕಿಟಕಿಯ ಕಟ್ಟೆಯ ಮೇಲೆ ಹಾಳೆಯಿಟ್ಟಳು. ಗೀಚಿದರೆ ಹಾಳೆ ಕೆಡುತ್ತದೆಂದು ಹಿಂದೆಮುಂದೆ ನೋಡಿದಳು. ಆಗ ಗಂಗಾಂಬಿಕಾ ತನ್ನ ಚೀಲದಿಂದ ಸ್ಕೇಲು ತೆಗೆದು ಕೊಟ್ಟಳು. ಅದರ ನಂತರದ ದಿನಗಳಲ್ಲಿ ಅವಳಿಗೆ ನಿದ್ದೆಯ ನಡುವೆ ಎಚ್ಚರವಾದಾಗಲೆಲ್ಲ ಮೊದಲು ನೆನಪಾಗುತ್ತಿದ್ದದ್ದು ಆಡಿದ ಸುಳ್ಳಲ್ಲ, ಸ್ಕೇಲು ಕೊಟ್ಟ ಕೈ.

ಎರಡು ವಾರದ ಮೇಲೆ ಸರ್ ಹಾಳೆಗಳ ಕಟ್ಟು ತಂದು ಮೇಜಿನ ಮೇಲೆ ಇಟ್ಟರು. ಏಕಾಂತಪ್ಪ ಸರ್ ದನಿಯೇರಿಸುವವರಲ್ಲ. ಆವತ್ತೂ ಏರಿಸಲಿಲ್ಲ.

“ಏಳನೇ ಪ್ರಶ್ನೆ,” ಎಂದರು. “ಆರು ಜನ ಒಂದೇ ಸಾಲು ಬರ್ದೀರಿ. ಆ ಸಾಲು ಹುಸಿ. ಯಾಕೆ ಅಂತ ತೋರಿಸ್ತೀನಿ.”

ಬೋರ್ಡಿನ ಮೇಲೆ ಒಂದು, ಎರಡು, ಅದರ ಕೆಳಗೆ ಮೂರು, ನಾಲ್ಕು ಎಂದು ಸಣ್ಣ ಮ್ಯಾಟ್ರಿಕ್ಸ್ ಬರೆದರು. “ಡಿಟರ್ಮಿನಂಟ್ ಬಿಡ್ರಿ. ಇದೇ ಆಟ ಕರ್ಣದ ಮೊತ್ತಕ್ಕೆ, ಅಂದ್ರೆ ಈ ಮೂಲೆಯಿಂದ ಆ ಮೂಲೆಗೆ ಇರೋ ಸಂಖ್ಯೆಗಳ ಮೊತ್ತಕ್ಕೆ ಆಡೋಣ. ‘ಲ್ಯಾಮ್ಡಾ ಐ ಮೈನಸ್ ಎ’ದ ಕರ್ಣದ ಮೊತ್ತ ಎಷ್ಟು? ಎರಡು ಲ್ಯಾಮ್ಡಾ ಮೈನಸ್ ಐದು. ಈಗ ನಿಮ್ಮಂಗೆ ಲ್ಯಾಮ್ಡಾ ಜಾಗಕ್ಕೆ ಎ ಹಾಕ್ತೀನಿ. ಎ ಮೈನಸ್ ಎ ಸೊನ್ನೆ, ಅದರ ಕರ್ಣದ ಮೊತ್ತನೂ ಸೊನ್ನೆ. ಅಂದ್ಮೇಲೆ ಎರಡು ಎ ಮೈನಸ್ ಐದು ಐ ಸೊನ್ನೆ ಆಗಬೇಕು. ಮಾಡಿ ನೋಡ್ರಿ.”

ಎಲ್ಲರೂ ಮಾಡಿದರು. ಮೈನಸ್ ಮೂರು, ನಾಲ್ಕು, ಆರು, ಮೂರು ಬಂತು.

“ಎಲ್ಲೈತೆ ಸೊನ್ನೆ? ಲ್ಯಾಮ್ಡಾ ಅನ್ನೋದು ಒಂದು ಸಂಖ್ಯೆ. ಅದರ ಜಾಗದಾಗೆ ಇಡೀ ಮ್ಯಾಟ್ರಿಕ್ಸ್ ತುರುಕಿ, ಬಂದ ಸಂಖ್ಯೆ ಸೊನ್ನೆಯನ್ನ ಮ್ಯಾಟ್ರಿಕ್ಸ್ ಸೊನ್ನೆ ಅಂತ ಕರದೀರಿ.” ಅವರು ಬಳಪ ಕೆಳಗಿಟ್ಟರು. “ಇದು ಮೊದಲು ಯಾರ ತಲೆಯಾಗೆ ಹುಟ್ಟಿದ್ದು?”

ಒಬ್ಬರು ಇನ್ನೊಬ್ಬರ ಹೆಸರು ಹೇಳಬಾರದು ಎನ್ನುವುದು ನಕಲಿನವರ ನಡುವೆ ಯಾರೂ ಹೇಳಿಕೊಡದೆಯೇ ಬಂದ ಕಟ್ಟಳೆ. ಸರ್ ಕಣ್ಣು ಗಂಗಾಂಬಿಕಾಳ ಮೇಲೆ ಬಂತು.

“ಮೇಡಂ, ನಿಮ್ಮ ಹಾಳೆಯಾಗೂ ಇದೇ ಐತೆ. ಅವತ್ತು ನೀವು ಬಂದಿರ್ಲಿಲ್ಲ, ನನಗೆ ನೆನಪೈತೆ. ಇವರದು ಯಾರದೋ ನೋಡಿ ಬರ್ಕೊಂಡೀರಿ. ಇರಲಿ ಬಿಡ್ರಿ.”

ಅವಳು ತಲೆ ತಗ್ಗಿಸಿದಳು. ತಲೆ ತಗ್ಗಿಸಿದರೆ ಹೌದು ಎಂದಂತೆ ಎಂದು ಗೊತ್ತಿದ್ದೇ ತಗ್ಗಿಸಿದಳು.

ಸರ್ ಒಂದು ಹಾಳೆಯನ್ನು ಬೇರೆ ತೆಗೆದು ಎತ್ತಿ ಹಿಡಿದರು. ಎರಡು ಪುಟದ ಮೇಲೂ ಮೂಲೆಯಿಂದ ಮೂಲೆಗೆ ನೇರವಾದ ಗೆರೆ. “ಇದು ಚಂದನಾದು. ಒಂದಕ್ಷರ ತಪ್ಪಿಲ್ಲ. ಸರಿ ಬರ್ದು, ಹೊಡ್ದು ಹಾಕಿ, ಕೆಳಗೆ ಹುಸಿ ಸಾಲು ಬರ್ದಾಳೆ. ಯಾಕಮ್ಮಾ?”

ಚಂದನಾ ಎದ್ದು ನಿಂತಳು. “ಉದ್ದ ಆತು ಅನ್ನಿಸ್ತ್ರಿ ಸರ್.”

“ಯಾರಾದ್ರೂ ಹೇಳಿದ್ರೋ?”

“ಇಲ್ರಿ. ನಾನಾ ಹೊಡದೆ.”

“ತಿಳೀದವರಿಗೆ ಹೇಳಿಕೊಡಬಹುದು,” ಎಂದರು ಸರ್. “ತಿಳಿದೂ ತಿಳಿದೂ ನಾಲ್ಕು ಜನದ ಜೊತೆಗೆ ತಪ್ಪಿನ ಕಡೆ ಹೋಗಿ ನಿಂತವರಿಗೆ ನಾನು ಏನು ಹೇಳಿಕೊಡ್ಲಿ? ಶಿವಯೋಗಿ ಹೆಸರು ಕಳಿಸ್ತೀನಿ. ಏಳನೇದಕ್ಕೆ ‘ಗೊತ್ತಿಲ್ಲ’ ಅಂತ ಬರ್ದಾನೆ. ಅಷ್ಟಾದ್ರೂ ನಿಯತ್ತೈತೆ. ಬುಧವಾರ ಟಪಾಲಿಗೆ ಹಾಕ್ತೀನಿ.”

ಶಿವಯೋಗಿ ಹಡಗಲಿಯವನು, ಮಲ್ಲಿಗೆ ತೋಟದವನು. ಅವನಿಗೆ ಕಣ್ಣು ಬಾಯಿ ಬಿಡುವಷ್ಟು ಆಶ್ಚರ್ಯವಾಗಿತ್ತು. “ಲೇ ನಿಯತ್ತಿನ ಮಗನಾ,” ಎಂದು ಪ್ರವೀಣಕುಮಾರ್ ಹಿಂದಿನಿಂದ ಪಿಸುಗುಟ್ಟಿದ, “ಆವತ್ತು ಹಡಗಲಿ ಬಸ್ಸು ಲಗೂ ಬಂದಿದ್ರ ನೀನೂ ನಮ್ ಜೋಡಿ ಇರ್ತಿದ್ದಿ.”

ಕ್ಲಾಸು ಬಿಟ್ಟ ಮೇಲೆ ಮೆಟ್ಟಿಲಲ್ಲಿ ಚಂದನಾ ಗಂಗಾಂಬಿಕಾಳನ್ನು ತಡೆದಳು. ಅತ್ತಿರಲಿಲ್ಲ. ಅತ್ತಿದ್ದರೆ ಗಂಗಾಂಬಿಕಾಳಿಗೆ ಸುಲಭವಾಗುತ್ತಿತ್ತು, ಸಮಾಧಾನ ಮಾಡುವ ಕೆಲಸವಾದರೂ ಸಿಗುತ್ತಿತ್ತು.

“ಅಕ್ಕಾ, ನಿಮಗೂ ತಪ್ಪಂತ ಗೊತ್ತಿರ್ಲಿಲ್ಲ. ಅದಕ್ಕ ನಾ ಹೆಸರು ಹೇಳಲಿಲ್ಲ. ನೀವಾ ಸರ್‌ಗ ಒಂದು ಮಾತು ಹೇಳ್ತೀರೇನ್ರಿ? ನಾ ಹೇಳಿದ್ರ ಚಾಡಿ ಆಗತೈತಿ. ಬುಧವಾರದೊಳಗ.”

“ಹೇಳ್ತೀನಿ,” ಎಂದಳು ಗಂಗಾಂಬಿಕಾ. ‘ನಿಮಗೂ ಗೊತ್ತಿರ್ಲಿಲ್ಲ’ ಎಂಬ ಮಾತನ್ನು ತಿದ್ದದೆ ಹಾಗೇ ಸೆರಗಿಗೆ ಕಟ್ಟಿಕೊಂಡಳು.

ಹೇಳಲೆಂದೇ ಹೋದಳು. ಮಂಗಳವಾರ ಶಾಲೆ ಬಿಟ್ಟವಳು ನೇರ ಹರಪನಹಳ್ಳಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ವಾಕ್ಯ ಕಟ್ಟಿದಳು, ಮುರಿದಳು, ಮತ್ತೆ ಕಟ್ಟಿದಳು. ‘ಸರ್, ಅದು ನಾನು ಬರೆದದ್ದು.’ ನಾಲ್ಕು ಶಬ್ದ. ಐದೂವರೆಗೆ ಅವರ ಮನೆಯ ಬಾಗಿಲು ತಟ್ಟಿದಳು.

ತೆರೆದವರು ಸರ್ ಹೆಂಡತಿ ನಾಗಲಿಂಗಮ್ಮ. “ಅಯ್ಯ, ಕೊಟ್ಟೂರು ಮೇಡಂ ಅಲ್ಲೇನು? ಬರ್ರಿ, ಬರ್ರಿ! ನಿಮ್ಮ ಹೆಸರು ದಿನಾ ನಮ್ಮ ಮನೆಯಾಗೆ. ಸಾಲಿ, ಸಂಸಾರ ಎರಡೂ ತೂಗಿಸ್ಕೊಂಡು ಆ ಹೆಣ್ಮಗಳು ಓದೋದು ನೋಡು ಅಂತ ಹೇಳ್ತಾ ಇರ್ತಾರೆ,” ಎಂದು ಕೈ ಹಿಡಿದು ಒಳಗೆ ಕೂರಿಸಿ, ಮಂಡಕ್ಕಿ ಒಗ್ಗರಣೆ, ಚಹಾ ತಂದಿಟ್ಟರು.

ಸರ್ ಬಂದರು. ಮೇಜಿನ ಮೇಲೆ ಟಪಾಲು ಚೀಟಿ ಹಚ್ಚಿದ ಲಕೋಟೆ ಇತ್ತು. “ಏನ್ ಮೇಡಂ, ಇಷ್ಟು ದೂರ?”

“ಸರ್,” ಎಂದಳು. ನಾಗಲಿಂಗಮ್ಮ ಬಾಗಿಲಿಗೆ ಒರಗಿ ನಗುತ್ತಾ ನಿಂತಿದ್ದರು. “ಸರ್, ಒಂದು ಡೌಟಿತ್ರಿ. ಅಡ್ಡಸಾಲಿನ ರ‍್ಯಾಂಕು, ಕಂಬಸಾಲಿನ ರ‍್ಯಾಂಕು ಯಾಕ ಒಂದಾ ಬರ್ತಾವು ಅಂತ.”

ಸರ್ ಮುಖ ಅರಳಿತು. ಕಾಗದ ತೆಗೆದುಕೊಂಡು ಅರ್ಧ ಗಂಟೆ ವಿವರಿಸಿದರು. ಅವಳು ಹೂಂ ಹೂಂ ಎಂದಳು. ಒಂದಕ್ಷರ ತಲೆಗೆ ಹತ್ತಲಿಲ್ಲ. “ನೋಡಿದ್ಯೇನೇ?” ಎಂದರು ಹೆಂಡತಿಗೆ. “ಒಂದು ಡೌಟಿಗೆ ಬಸ್ ಹತ್ತಿ ಬಂದಾರೆ. ಓದೋ ಹುಚ್ಚು ಅಂದ್ರೆ ಇದು.” ಹೊರಡುವಾಗ ಲಕೋಟೆ ಕೈಗಿಟ್ಟರು. “ಹೆಂಗೂ ಬಸ್‌ಸ್ಟ್ಯಾಂಡಿಗೆ ಹೋಗ್ತೀರಿ. ಅಲ್ಲೇ ಡಬ್ಬಿ ಐತೆ, ಹಾಕಿಬಿಡ್ರಿ. ನಾಳೆ ಬದಲು ಇವತ್ತೇ ಹೋಗ್ಲಿ.”

ಡಬ್ಬಿಯ ಮುಂದೆ ಅವಳು ಎಷ್ಟು ಹೊತ್ತು ನಿಂತಳೋ. ಕೊಟ್ಟೂರು ಬಸ್ಸಿನ ಕಂಡಕ್ಟರು, “ಬರ್ತೀರೇನಬೇ, ಬಿಡ್ತೀನಿ ನೋಡ್ರಿ,” ಎಂದು ಕೂಗಿದ. ಅವಳು ಹಾಕಿ ಓಡಿದಳು. ಕಂಡಕ್ಟರ್ ಅವಸರ ಮಾಡಿದ ಎಂದು ಆ ರಾತ್ರಿಯೆಲ್ಲ ತನಗೆ ತಾನೇ ಹೇಳಿಕೊಂಡಳು.

ಭಾನುವಾರ ಚಂದನಾ ಅವಳಿಗಿಂತ ಮೊದಲೇ ಬಂದಿದ್ದಳು. “ಪತ್ರ ಹೋಗೈತಂತ್ರಿ ಅಕ್ಕ,” ಎಂದಳು ಮೆಲ್ಲಗೆ. “ಇರ್ಲಿ ಬಿಡ್ರಿ. ನಿಮಗ ಸಾಲಿ, ಮನಿ. ಬರಾಕ ಆಗಿರಂಗಿಲ್ಲ.”

ಹೂಂ ಎಂದುಬಿಟ್ಟಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಸರ್ ಕ್ಷಮಿಸಿದ್ದರು, ಚಂದನಾ ಕ್ಷಮಿಸಿದ್ದಳು, ಇಬ್ಬರೂ ಅವಳು ಮಾಡಿರದ ತಪ್ಪಿಗೆ. ಅವಳಿಗೆ ಅದೇ ಸಹಿಸಲು ಆಗಲಿಲ್ಲ. ಸರ್ ಪುಸ್ತಕ ತೆರೆಯುವ ಮೊದಲೇ ಎದ್ದು ನಿಂತಳು. ಬೆಂಚು ಹಿಡಿದುಕೊಂಡಳು.

“ಸರ್, ಏಳನೇ ಪ್ರಶ್ನೆ ಆ ಸಾಲು ನನ್ನದ್ರಿ. ನಾ ಯಾರದೂ ನೋಡಿ ಬರೀಲಿಲ್ಲ. ಉಳದವರು ನಂದು ನೋಡಿ ಬರದಾರ. ಚಂದನಾ ಸರಿ ಬರದು ನನಗ ತೋರ್ಸಿದ್ಲು. ಹೊಡದು ಹಾಕು ಅಂದಾಕಿ ನಾನು.” ಉಸಿರು ಎಳೆದುಕೊಂಡಳು. “ಆಕಿದು ಸರಿ ಐತಿ ಅಂತ ಆವಾಗ ನನಗ ಅನಿಸಿತ್ರಿ. ಅನಿಸಿದ್ರೂ ಅಂದೆ.”

ಸರ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಗೊಂದಲವಿತ್ತು.

“ಮಂಗಳವಾರ ಮನೆಗೆ ಬಂದಿದ್ರಲ್ಲ ಮೇಡಂ. ಆಗಲೇ ಒಂದು ಮಾತು ಅಂದಿದ್ರೆ ಆಗ್ತಿತ್ತು. ಪತ್ರ ಡಬ್ಬಿಗೆ ಹಾಕಿದವರೂ ನೀವೇ ಅಲ್ಲೇನು?”

ಚಂದನಾ ತಲೆಯೆತ್ತಿದಳು.

“ಮಂಗಳವಾರ ಹೋಗಿದ್ರ್ಯಾ?” ಎಂದಳು. ಅಕ್ಕಾ ಎನ್ನಲಿಲ್ಲ.

“ಹೋಗಿದ್ದೆ.”

“ಮತ್ತ?”

“ಹೇಳಾಕ ಆಗಲಿಲ್ಲ.”

ಚಂದನಾ ಅವಳನ್ನು ನೋಡುತ್ತಲೇ ಇದ್ದಳು. ತಪ್ಪಿದ ಲೆಕ್ಕದಲ್ಲಿ ಯಾವ ಸಾಲಿನಿಂದ ತಪ್ಪಿದೆ ಎಂದು ಹಿಂದಕ್ಕೆ ಹಿಂದಕ್ಕೆ ಹೋಗಿ ಹುಡುಕುವವರ ನೋಟ ಅದು. ಮೆಟ್ಟಿಲ ಮಾತು, ಸ್ಕೇಲು, ಇಷ್ಟು ದಿನದ ಅಕ್ಕ ಎಂಬ ಕರೆ, ಎಲ್ಲವನ್ನೂ ಅವಳು ಮತ್ತೆ ಎಣಿಸುತ್ತಿರುವುದು ಗಂಗಾಂಬಿಕಾಳಿಗೆ ಕಾಣುತ್ತಿತ್ತು. ಆಮೇಲೆ ಅವಳು ಬೋರ್ಡಿನ ಕಡೆ ತಿರುಗಿದಳು.

ಶಿವಯೋಗಿ ಎದ್ದು, “ಸರ್, ನನ್ನ ಹೆಸರು ತಗದುಬಿಡ್ರಿ. ನಾ ಖರೇನ ಬಸ್ ತಡ ಆಗಿ ಬರೀಲಿಲ್ಲ,” ಎಂದ.

“ನೀನು ಕೂಡು,” ಎಂದರು ಸರ್. ಗಂಗಾಂಬಿಕಾಳ ಕಡೆ ತಿರುಗಿದರು. “ಇನ್ನೊಂದು ಹೆಸರು ತಗೊಳ್ತಾರೋ ಇಲ್ವೋ ಗೊತ್ತಿಲ್ಲ. ಕೇಳಿ ನೋಡಬಹುದು. ಆದ್ರೆ ಮೊದಲು ಯಾಕೆ ಕಳಿಸಿರ್ಲಿಲ್ಲ ಅಂತ ಕಾರಣ ಬರೀಬೇಕು. ಅದನ್ನ ನಾನು ಬರ್ದರೆ ಸರಿಯಾಗೋದಿಲ್ಲ, ಮೇಡಂ. ನೀವು ಬರೀರಿ. ನಾನು ಅದರ ಕೆಳಗೆ ಸಹಿ ಮಾಡ್ತೀನಿ.”

ಒಂದು ಬಿಳಿ ಹಾಳೆ ಅವಳ ಮುಂದೆ ಬಂತು. ಅವಳು ಬರೆದಳು. ಮಾನ್ಯರೇ ಎಂದು ಶುರುಮಾಡಿ, ಪ್ರಶ್ನೆ ಯಾವುದು, ತಾನು ಬರೆದ ಸಾಲು ಯಾವುದು, ಅದು ಹೇಗೆ ತಪ್ಪು, ಚಂದನಾ ಬರೆದ ಎರಡು ಪುಟವನ್ನು ತಾನೇ ಹೇಳಿ ಹೊಡೆಸಿದ್ದು, ಎಲ್ಲವನ್ನೂ. ‘ಅರಿವಿಲ್ಲದೆ’ ಎಂಬ ಶಬ್ದ ಪೆನ್ನಿನ ತುದಿಗೆ ಬಂತು, ಅದನ್ನು ಬರೆಯಲಿಲ್ಲ.

“ಓದ್ರಿ,” ಎಂದರು ಸರ್.

ನಿಂತು ಓದಿದಳು. ತನ್ನ ಹುಡುಗರಿಗೆ ಲೆಕ್ಕ ಓದಿ ಹೇಳುವ ದನಿಯಲ್ಲಿ ಶುರುಮಾಡಿದಳು, ಕೊನೆಯ ಸಾಲುಗಳನ್ನು ಹಾಳೆಗೇ ಹೇಳಿದಂತೆ ಓದಿದಳು. ಓದಿ ಮುಗಿಸಿ ಹಾಳೆ ಸರ್‌ಗೆ ಕೊಡಲು ಹೋದಳು.

“ಮಂಗಳವಾರದ್ದು ಬಿಟ್ಟೀರಿ,” ಎಂದಳು ಚಂದನಾ ಕುಳಿತಲ್ಲಿಂದಲೇ.

ಸರ್ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು.

ಗಂಗಾಂಬಿಕಾ ಬೆಂಚಿಗೆ ವಾಪಸು ಹೋಗಿ ಕುಳಿತಳು. ಸಹಿಗೆಂದು ಬಿಟ್ಟಿದ್ದ ಜಾಗದಲ್ಲಿ ಬರೆದಳು: ‘ಪತ್ರ ಹೋಗುವ ಮೊದಲು, ಮಂಗಳವಾರ ಸಂಜೆ ಐದೂವರೆಗೆ, ಇದನ್ನು ಹೇಳಲೆಂದು ನಾನು ಅಧ್ಯಾಪಕರ ಮನೆಗೆ ಹೋಗಿದ್ದೆ.’ ಅಲ್ಲಿಗೆ ನಿಂತಳು. ಯಾರಾದರೂ ಸಾಕು ಎನ್ನುತ್ತಾರೇನೋ ಎಂದು ಕಾದಳು. ಯಾರೂ ಅನ್ನಲಿಲ್ಲ. ಅವಳು ಬಗ್ಗಿ ಮುಂದಿನದನ್ನೂ ಬರೆದಳು: ‘ಹೇಳಲಿಲ್ಲ. ಆ ಪತ್ರವನ್ನು ಟಪಾಲು ಡಬ್ಬಿಗೆ ಹಾಕಿದವಳೂ ನಾನೇ.’